ಲಗ್ಗೆರೆಯ ಗಲ್ಲಿಗಳಲ್ಲಿ ಒಂದು ಕೆಂಪು ಹನಿಯ ಬೆನ್ನುಹತ್ತಿ

ಗೊರಗುಂಟೆಪಾಳ್ಯದಿಂದ ರಿಂಗ್ ರೋಡಿಗೆ ತಿರುಗಿ ಕಂಠೀರವ ಸ್ಟುಡಿಯೊ ದಾಟಿದರೆ ಮುಂದೆ ಲಗ್ಗೆರೆ ಬ್ರಿಡ್ಜ್ ಸಿಗುತ್ತೆ. ಅಣ್ಣಾವ್ರ ಸಮಾಧಿ, ಅಪ್ಪು ಸಮಾಧಿ ನೋಡೋಕೆ ಬರುವ ಜನ ಸಾಮಾನ್ಯವಾಗಿ ಅಲ್ಲಿಂದಲೇ ವಾಪಸ್ ಹೋಗುತ್ತಾರೆ. ಬ್ರಿಡ್ಜ್ ಹತ್ತಿರ ಒಳಗೆ ತಿರುಗುವವರು ಇಲ್ಲಿಯ ನಿವಾಸಿಗಳು, ಇಲ್ಲವೇ ಏನನ್ನೋ ರಿಪೇರಿ ಮಾಡಿಸೋಕೆ ಬಂದವರು. ಬೆಂಗಳೂರಿನಲ್ಲಿ ನೋಡಲೇಬೇಕಾದ ಜಾಗಗಳು ಅಂತ ಯಾರಾದರೂ ಪಟ್ಟಿ ಮಾಡಿದರೆ ಅದರಲ್ಲಿ ಲಗ್ಗೆರೆ ಇರೋದಿಲ್ಲ. ಆದರೆ ಒಂದು ಹಳೇ ಯಂತ್ರ ಕೈಕೊಟ್ಟಾಗ ಎಲ್ಲಿಗೆ ಹೋಗಬೇಕು ಅಂತ ಕೇಳಿದರೆ, ನಾನು ಇದೇ ಊರಿನ ಹೆಸರು ಹೇಳ್ತೀನಿ.

1970ರ ದಶಕದ ಕೊನೆಯಲ್ಲಿ ಪಕ್ಕದ ಪೀಣ್ಯದಲ್ಲಿ ಕೈಗಾರಿಕಾ ಪ್ರದೇಶ ಬೆಳೆಯತೊಡಗಿದ ಮೇಲೆ ಅದರ ಸುತ್ತಲಿನ ಹಳ್ಳಿಗಳ ಹಣೆಬರಹವೇ ಬದಲಾಯಿತು. ಮಂಡ್ಯ, ತುಮಕೂರು, ಹಾಸನದ ಕಡೆಯಿಂದ, ಆಮೇಲೆ ಉತ್ತರ ಕರ್ನಾಟಕದಿಂದ ಬಂದವರು ಲಗ್ಗೆರೆ, ರಾಜಗೋಪಾಲನಗರ, ಹೆಗ್ಗನಹಳ್ಳಿಗಳಲ್ಲಿ ಮನೆ ಹಿಡಿದರು. ಇವತ್ತಿಗೂ ಇಲ್ಲಿಯ ಎಷ್ಟೋ ಮನೆಗಳ ಕಥೆ ಹೀಗೇ: ಕೆಳಗೆ ಷೆಡ್ಡು, ಅದರಲ್ಲಿ ಎರಡು ಲೇತು, ಒಂದು ಡ್ರಿಲ್ಲಿಂಗ್ ಮಷೀನು; ಮೇಲೆ ಸಂಸಾರ. ಬೆಳಿಗ್ಗೆ ಒಗ್ಗರಣೆ ವಾಸನೆಯ ಜೊತೆಗೇ ಕಟಿಂಗ್ ಆಯಿಲ್ ವಾಸನೆ ಮೂಗಿಗೆ ಬಡಿಯುತ್ತೆ. ಎಂಟು ಗಂಟೆಗೆ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳು ಊಟದ ಬ್ಯಾಗ್ ಹಿಡಿದು ಸಾಲಾಗಿ ನಡೆದು ಹೋಗುತ್ತಾರೆ. ಒಂಬತ್ತಕ್ಕೆ ಷಟರ್‌ಗಳು ಮೇಲೇರುತ್ತವೆ.

ನಮ್ಮ ತಂದೆ ಈ ಪೀಣ್ಯದಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಟರ್ನರ್ ಆಗಿದ್ದವರು. ಲೇತಿನ ಮುಂದೆ ನಿಂತೂ ನಿಂತೂ ಎಡಗಾಲಿನ ಮಂಡಿ ಸವೆದು ಕಡೆಗೆ ಆಪರೇಷನ್ ಆಯಿತು. ಕ್ಲಚ್ ತುಳಿಯೋದು ಅಲ್ಲಿಗೆ ಮುಗೀತು. ಅದಕ್ಕೇ ನಮ್ಮ ಮನೆಗೆ ಒಂದು ಸೆಕೆಂಡ್ ಹ್ಯಾಂಡ್ ಆಟೋಮ್ಯಾಟಿಕ್ ಕಾರು ಬಂತು. 2009ರ ಮಾಡೆಲ್, ನಾಲ್ಕು ಗೇರು, ಪಕ್ಕಾ ಟಾರ್ಕ್ ಕನ್ವರ್ಟರ್ ಇರುವ ಗಾಡಿ. ವಾರಕ್ಕೆ ಮೂರು ದಿನ ಅವರು ಅದರಲ್ಲಿ ಪೀಣ್ಯ ಎರಡನೇ ಹಂತದ ಒಂದು ಷೆಡ್ಡಿಗೆ ಹೋಗಿ, ಹೊಸ ಹುಡುಗರಿಗೆ ಕೆಲಸ ತೋರಿಸಿ ಬರುತ್ತಾರೆ. ದುಡ್ಡಿಗಾಗಿ ಅಲ್ಲ. ‘ಅಲ್ಲಿಗೆ ಹೋದ್ರೆ ನಾನು ಇನ್ನೂ ಇದೀನಿ ಅನ್ಸುತ್ತೆ’ ಅಂತಾರೆ.

ಹೋದ ಮಳೆಗಾಲದಲ್ಲಿ ಆ ಕಾರು ತಕರಾರು ತೆಗೆಯಿತು. ರಿವರ್ಸ್‌ಗೆ ಹಾಕಿದರೆ ಎರಡು ಸೆಕೆಂಡ್ ಯೋಚನೆ ಮಾಡಿ ಆಮೇಲೆ ಹಿಂದೆ ಸರಿಯೋದು. ಏರು ರಸ್ತೆಯಲ್ಲಿ ತಿರುಗಿಸಿದರೆ ಇಂಜಿನ್ ಕೂಗುತ್ತೆ, ಗಾಡಿ ಮಾತ್ರ ಓಡಲ್ಲ. ಬೇರೆ ಏರಿಯಾದ ಒಂದು ಗ್ಯಾರೇಜಿನವರು ಕೆಳಗಿನ ಪ್ಯಾನ್ ಗ್ಯಾಸ್ಕೆಟ್ ಬದಲಾಯಿಸಿದರು. ತಿಂಗಳಲ್ಲಿ ಮತ್ತೆ ಅದೇ ಗೋಳು. ಆಮೇಲೆ ‘ಗೇರ್‌ಬಾಕ್ಸ್ ಹೋಗಿದೆ, ಬಿಚ್ಚಿ ಕಟ್ಟಬೇಕು, ಎಪ್ಪತ್ತು ಸಾವಿರ ಆಗುತ್ತೆ, ಅದರ ಬದಲು ಗುಜರಿಗೆ ಕೊಡಿ’ ಅಂದರು. ತಂದೆ ಏನೂ ಮಾತಾಡಲಿಲ್ಲ. ಷೆಡ್ಡಿಗೆ ಹೋಗೋದನ್ನ ನಿಲ್ಲಿಸಿದರು, ಅಷ್ಟೆ. ಆಟೊದಲ್ಲಿ ಹೋಗಿ ಅಂದರೆ, ಬೇಡ ಅಂದರು.

ಕೆಂಪು ಬಣ್ಣದ ಹಿಂದಿನ ಕಥೆ

ಸಾಮಾನ್ಯ ಗೇರ್‌ಬಾಕ್ಸ್‌ನಲ್ಲಿ ಆಯಿಲ್ ಅಂದರೆ ಬರೀ ಜಾರಿಕೆಗೆ. ಆಟೋಮ್ಯಾಟಿಕ್‌ನಲ್ಲಿ ಹಾಗಲ್ಲ. ಇಂಜಿನ್ನಿನ ಶಕ್ತಿಯನ್ನ ಚಕ್ರದ ಕಡೆಗೆ ದಾಟಿಸೋದೂ ಆಯಿಲ್ಲೇ, ಒಳಗಿನ ಕ್ಲಚ್ ಪ್ಲೇಟುಗಳನ್ನ ಒತ್ತಿ ಹಿಡಿಯೋದೂ ಆಯಿಲ್ಲೇ, ಬಿಸಿಯನ್ನ ಹೊರಗೆ ಹೊತ್ತುಕೊಂಡು ಹೋಗೋದೂ ಅದೇ. ಒಳಗಿನ ಪಂಪು ಇದಕ್ಕೆ ಕೊಡುವ ಒತ್ತಡ ಕಾರಿನ ಟೈರಿನ ಗಾಳಿಗಿಂತ ಎಷ್ಟೋ ಪಟ್ಟು ಹೆಚ್ಚು. ಆಯಿಲ್ ಕಮ್ಮಿಯಾದರೆ, ಗಾಡಿ ಓರೆಯಾದಾಗ ಪಂಪು ಆಯಿಲ್ ಬದಲು ಗಾಳಿ ಹೀರುತ್ತೆ. ಒತ್ತಡ ಬೀಳುತ್ತೆ, ಪ್ಲೇಟುಗಳು ಜಾರುತ್ತವೆ, ಜಾರಿದರೆ ಸುಡುತ್ತವೆ. ಅಂದರೆ ಗೇರ್‌ಬಾಕ್ಸ್ ಕೆಟ್ಟಾಗ ಕಾಣುವ ಲಕ್ಷಣಗಳೂ ಆಯಿಲ್ ಸೋರಿದಾಗ ಕಾಣುವ ಲಕ್ಷಣಗಳೂ ಒಂದೇ ಥರ. ಸೋರಿಕೆಯನ್ನ ಹಾಗೇ ಬಿಟ್ಟರೆ, ಎರಡನೆಯದು ಸಾವಕಾಶವಾಗಿ ಮೊದಲನೆಯದೇ ಆಗಿಬಿಡುತ್ತೆ.

ಅಮೆರಿಕದ ಜನರಲ್ ಮೋಟಾರ್ಸ್ 1939ರಲ್ಲಿ ‘ಹೈಡ್ರಾ-ಮ್ಯಾಟಿಕ್’ ಅನ್ನೋ ಗೇರ್‌ಬಾಕ್ಸನ್ನ ಓಲ್ಡ್ಸ್‌ಮೊಬೈಲ್ ಕಾರಿಗೆ ಅಂತ ತಂದಾಗಿನಿಂದ ಈ ಕಥೆ ಶುರು. ಆ ಕಾಲದಿಂದ 1970ರ ಹೊತ್ತಿನ ತನಕ ಈ ಆಯಿಲ್‌ಗೆ ತಿಮಿಂಗಿಲದ ಎಣ್ಣೆ ಬೆರೆಸುತ್ತಿದ್ದರಂತೆ ಅಂದಾಗ ನಮ್ಮ ಮನೇಲಿ ಯಾರೂ ನಂಬಲಿಲ್ಲ. ಆದರೆ ಅದು ನಿಜ. ತಿಮಿಂಗಿಲ ಬೇಟೆಗೆ ಅಲ್ಲಿ ಕಾನೂನಿನ ತಡೆ ಬಂದ ಮೇಲೆ ಬೇರೆ ರಾಸಾಯನಿಕ ಹುಡುಕಿಕೊಂಡರು. ಬಣ್ಣ ಮಾತ್ರ ಕೆಂಪೇ ಉಳಿಯಿತು. ಆ ಕೆಂಪು ಆಯಿಲ್ಲಿನ ಗುಣ ಅಲ್ಲ, ಬೇಕೂ ಅಂತ ಬೆರೆಸಿದ ಬಣ್ಣ. ಇಂಜಿನ್ ಆಯಿಲ್ ಜೊತೆ ಅದಲು ಬದಲಾಗಬಾರದು, ನೆಲದ ಮೇಲೆ ಬಿದ್ದರೆ ಥಟ್ ಅಂತ ಗುರುತು ಸಿಗಬೇಕು, ಅದಕ್ಕೆ.

ನಮ್ಮೂರಿನವರಿಗೆ ಈ ಯಂತ್ರದ ಪರಿಚಯ ಕಮ್ಮಿ. ಬಿಎಂಟಿಸಿಯ ವೋಲ್ವೊ ಬಸ್ಸುಗಳು ಬಂದಾಗ ಡ್ರೈವರ್ ಗೇರೇ ಹಾಕದೆ ಓಡಿಸೋದನ್ನ ಮುಂದಿನ ಸೀಟಿನಲ್ಲಿ ಕೂತು ನೋಡಿದ ನೆನಪು ನನ್ನ ವಾರಗೆಯ ಎಷ್ಟೋ ಜನಕ್ಕೆ ಇರಬಹುದು. ಕಾರಿನ ಮಟ್ಟಿಗೆ 2014ರಲ್ಲಿ ಮಾರುತಿ ಸೆಲೆರಿಯೊ ಜೊತೆ ಬಂದ ಎಎಂಟಿಯಿಂದ ‘ಆಟೋಮ್ಯಾಟಿಕ್’ ಅನ್ನೋ ಮಾತು ಮನೆಮಾತಾಯಿತು. ಆದರೆ ಎಎಂಟಿ ಅಂದರೆ ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ತುಳಿದು ಗೇರ್ ಬದಲಾಯಿಸೋ ಕೆಲಸ ಯಂತ್ರ ಮಾಡುತ್ತೆ, ಅಷ್ಟೆ. ಅದಕ್ಕೆ ಮೊದಲಿನ ಟಾರ್ಕ್ ಕನ್ವರ್ಟರ್ ಗಾಡಿಗಳು ಕಮ್ಮಿ, ಅದರ ಕೆಲಸ ಗೊತ್ತಿರೋ ಮೆಕ್ಯಾನಿಕ್‌ಗಳೂ ಕಮ್ಮಿ. ‘ಬಿಚ್ಚಿ ಕಟ್ಟೋಣ’ ಅನ್ನೋ ಮಾತು ಅಷ್ಟು ಬೇಗ ಬಾಯಿಗೆ ಬರೋದು ಇದೇ ಕಾರಣಕ್ಕೆ.

ರಟ್ಟಿನ ಮೇಲಿನ ನಕ್ಷೆ

ಮೊದಲ ಕೆಲಸ ದುಡ್ಡಿಲ್ಲದ್ದು. ಟಿವಿ ಬಂದಿದ್ದ ದೊಡ್ಡ ರಟ್ಟಿನ ಡಬ್ಬ ಬಿಚ್ಚಿ, ಮುಂದಿನ ಚಕ್ರ ನಿಲ್ಲುವ ಜಾಗಕ್ಕೆ ಗುರುತು ಹಾಕಿ, ಕಾರಿನ ಅಡಿಗೆ ತಳ್ಳಿದೆ. ಒಂದು ರಾತ್ರಿ ಹಾಗೇ ಬಿಟ್ಟೆ. ಮಾರನೇ ದಿನ ಇನ್ನೊಂದು ರಟ್ಟು ಹಾಕಿ, ಇಂಜಿನ್ ಇಪ್ಪತ್ತು ನಿಮಿಷ ಓಡಿಸಿದೆ. ನಿಂತಾಗ ಸೋರೋದು ಬೇರೆ, ಓಡುವಾಗ ಸೋರೋದು ಬೇರೆ. ಕೂಲರ್ ಪೈಪಿನ ಸೋರಿಕೆ ಪಂಪು ತಿರುಗುವಾಗ ಮಾತ್ರ ಕಾಣುತ್ತೆ. ಚಕ್ರದ ಆಕ್ಸಲ್ ಗೇರ್‌ಬಾಕ್ಸ್ ಒಳಗೆ ಹೋಗುವ ಜಾಗದ ಸೀಲು ಸವೆದಿದ್ದರೆ ಗಾಡಿ ನಿಂತಾಗಲೂ ತೊಟ್ಟಿಕ್ಕುತ್ತೆ. ಸಾಫ್ಟ್‌ವೇರ್‌ನಲ್ಲಿ ಒಂದು ದೋಷವನ್ನ ಸರಿಮಾಡುವ ಮೊದಲು ಅದು ಯಾವಾಗ ಬರುತ್ತೆ, ಯಾವಾಗ ಬರಲ್ಲ ಅಂತ ನೋಡ್ತೀವಲ್ಲ, ಇದೂ ಹಾಗೇ.

ರಾತ್ರಿಯ ರಟ್ಟಿನಲ್ಲಿ ಎಡಚಕ್ರದ ಒಳಮಗ್ಗುಲಿಗೆ ನಾಲ್ಕಾಣೆ ಅಗಲದ ಕಲೆ. ಓಡಿಸಿದಾಗಿನ ರಟ್ಟಿನಲ್ಲಿ ಅದರ ಜೊತೆ ಇನ್ನೊಂದು, ಮುಂದುಗಡೆ, ರೇಡಿಯೇಟರ್ ಕೆಳಗೆ. ಬಿಳಿ ಟಿಶ್ಯೂ ಪೇಪರ್ ಒತ್ತಿ ನೋಡಿದರೆ ಎರಡೂ ಕಂದುಗೆಂಪು. ಇಂಜಿನ್ ಆಯಿಲ್ ಆಗಿದ್ದರೆ ಜೇನಿನ ಬಣ್ಣ ಇಲ್ಲವೇ ಕಪ್ಪು. ಕೂಲೆಂಟ್ ಆಗಿದ್ದರೆ ನೀರಿನ ಹಾಗೆ ತೆಳ್ಳಗೆ, ಬೆರಳಿಗೆ ಅಂಟಂಟು. ಎಸಿ ನೀರಾಗಿದ್ದರೆ ಬಣ್ಣವೇ ಇರಲ್ಲ. ಒಂದು ಎಚ್ಚರ: ಹಳೇ ಕಾರುಗಳ ಪವರ್ ಸ್ಟೀರಿಂಗ್‌ನಲ್ಲೂ ಬಹಳಷ್ಟು ಸಲ ಇದೇ ಕೆಂಪು ಆಯಿಲ್ ಇರುತ್ತೆ. ಅದರ ಡಬ್ಬದ ಮಟ್ಟ ಇಳಿದಿದೆಯಾ ಅಂತ ನೋಡಿಕೊಂಡೇ ಮುಂದೆ ಹೋಗಬೇಕು. ನಮ್ಮದರಲ್ಲಿ ಇಳಿದಿರಲಿಲ್ಲ.

ಇಷ್ಟಾದರೂ ಹನಿ ಬಿದ್ದ ಜಾಗವೇ ಸೋರುವ ಜಾಗ ಅಂತ ಹೇಳೋಕಾಗಲ್ಲ. ಆಯಿಲ್ ಮೇಲೆಲ್ಲೋ ಹುಟ್ಟಿ, ಜಾರಿ, ಓಡುವಾಗ ಗಾಳಿಗೆ ಹಿಂದಕ್ಕೆ ಸರಿದು, ಕಟ್ಟಕಡೆಗೆ ಅತಿ ತಗ್ಗಿನ ಜಾಗದಿಂದ ಬೀಳುತ್ತೆ. ಆ ಅತಿ ತಗ್ಗಿನ ಜಾಗವೇ ಪ್ಯಾನ್. ಹೀಗಾಗಿ ತಪ್ಪಿರಲಿ ಇಲ್ಲದಿರಲಿ, ಮೊದಲು ಬೈಸಿಕೊಳ್ಳೋದು ಪ್ಯಾನ್ ಗ್ಯಾಸ್ಕೆಟ್ಟೇ. ನಾವಿರುವ ರಸ್ತೆಯ ಕೊನೆಯ ವಾಟರ್ ಸರ್ವಿಸ್‌ನಲ್ಲಿ ಅಡಿಭಾಗಕ್ಕೆಲ್ಲ ಡಿಗ್ರೀಸರ್ ಹೊಡೆದು, ಬ್ರೀದರ್ ಮತ್ತು ವೈರಿನ ಕನೆಕ್ಟರ್‌ಗಳಿಗೆ ನೀರು ನುಗ್ಗದ ಹಾಗೆ ಮುಚ್ಚಿ, ತೊಳೆಸಿದೆವು. ಒಣಗಿದ ಮೇಲೆ ತಂದೆ ಅಮ್ಮನ ಮುಖದ ಪೌಡರ್ ಡಬ್ಬ ತಂದು ಜಾಯಿಂಟುಗಳ ಮೇಲೆಲ್ಲ ಉದುರಿಸಿದರು. ಹತ್ತು ಕಿಲೋಮೀಟರ್ ಓಡಿಸಿ ಬಂದು ಟಾರ್ಚ್ ಬಿಟ್ಟರೆ, ಬಿಳಿ ಪೌಡರ್ ಮೇಲೆ ಕೆಂಪು ದಾರಿ ಸ್ಪಷ್ಟವಾಗಿ ಮೂಡಿತ್ತು. ಒಂದು ದಾರಿ ಕೂಲರ್ ಹೋಸಿನ ಕ್ಲಿಪ್ ಬಳಿಯಿಂದ, ಇನ್ನೊಂದು ಎಡ ಆಕ್ಸಲ್ ಸೀಲಿನಿಂದ. ಪ್ಯಾನಿನ ಒಂದು ಮೂಲೆಯೂ ಒದ್ದೆಯಾಗಿತ್ತು.

ಕಾರಿನ ಅಡಿ ಹೋಗುವವರು ಬರೀ ಜಾಕ್ ನಂಬಬೇಡಿ. ಕಬ್ಬಿಣದ ಸ್ಟ್ಯಾಂಡ್ ಕೊಟ್ಟು, ಹಿಂಚಕ್ರಕ್ಕೆ ಕಲ್ಲು ಇಟ್ಟು, ಆಮೇಲೆ ಹೋಗಿ. ಬಿಸಿ ಆಯಿಲ್ ಮೈಮೇಲೆ ಬಿದ್ದರೆ ಬೊಬ್ಬೆ ಬರುತ್ತೆ.

ಇನ್ನೊಂದು ಪರೀಕ್ಷೆಯನ್ನ ಬಿಡಬಾರದು. ಎಷ್ಟೋ ಕಾರುಗಳಲ್ಲಿ ಈ ಆಯಿಲನ್ನ ತಣಿಸುವ ಕೂಲರ್ ರೇಡಿಯೇಟರಿನ ಹೊಟ್ಟೆಯೊಳಗೇ ಇರುತ್ತೆ. ಅದು ಒಳಗೆ ತೂತಾದರೆ ನೆಲಕ್ಕೆ ಒಂದು ಹನಿಯೂ ಬೀಳದೆ ಆಯಿಲ್ ಕಮ್ಮಿಯಾಗುತ್ತೆ. ಕೂಲೆಂಟು ಆಯಿಲ್‌ಗೆ ಸೇರಿ ಡಿಪ್‌ಸ್ಟಿಕ್‌ನಲ್ಲಿ ಸ್ಟ್ರಾಬೆರಿ ಮಿಲ್ಕ್‌ಶೇಕ್ ಥರ ಕಾಣುತ್ತೆ. ಹಾಗೇನಾದರೂ ಕಂಡರೆ ಗಾಡಿ ಅಲ್ಲೇ ನಿಲ್ಲಿಸಬೇಕು. ಕ್ಲಚ್ ಪ್ಲೇಟಿನ ಮೇಲಿನ ಪದರ ನೀರಿಗೆ ಕಿತ್ತುಬರುತ್ತೆ. ನಮ್ಮದು ಶುಭ್ರವಾಗಿತ್ತು. ಆಯಿಲ್‌ಗೆ ಸುಟ್ಟ ವಾಸನೆಯೂ ಇರಲಿಲ್ಲ. ತಂದೆ ಬೆರಳಲ್ಲಿ ಉಜ್ಜಿ, ಮೂಸಿ, ‘ಇದು ಇನ್ನೂ ಬದುಕಿದೆ’ ಅಂದರು.

ಸೀಲು, ಷಾಫ್ಟು ಮತ್ತು ಟರ್ನರ್ ಕಣ್ಣು

ಲಗ್ಗೆರೆಯ ಉಪಯೋಗ ಶುರುವಾಗಿದ್ದೇ ಇಲ್ಲಿ. ಮುಖ್ಯರಸ್ತೆಗೆ ಹತ್ತಿರದ ಗಲ್ಲಿಯೊಂದರ ಮೆಕ್ಯಾನಿಕ್ ಎಡ ಆಕ್ಸಲ್ ಹೊರಗೆ ಎಳೆದುಕೊಟ್ಟ. ಹಳೇ ಸೀಲನ್ನ ಕೈಲಿ ಹಿಡಿದು ಬೆಲ್ಟು-ಬೇರಿಂಗು ಅಂಗಡಿಗೆ ಹೋದೆವು. ಇಲ್ಲಿ ಕಾರಿನ ಹೆಸರು ಹೇಳಬೇಕಾಗಿಲ್ಲ. ಸೀಲಿನ ಮೇಲೆ ಮೂರು ಅಂಕಿ ಇರುತ್ತೆ: ಒಳವ್ಯಾಸ, ಹೊರವ್ಯಾಸ, ದಪ್ಪ, ಎಲ್ಲ ಮಿಲಿಮೀಟರಲ್ಲಿ. ಅಂಗಡಿಯಾತ ವರ್ನಿಯರ್ ಹಿಡಿದು ಅಳೆದು ನೋಡಿಯೇ ಕೊಟ್ಟ. ಅಳತೆ ಸರಿ ಇದ್ದರೂ ಇನ್ನೆರಡು ವಿಷಯ ನೋಡಬೇಕು. ರಬ್ಬರ್ ಬಿಸಿ ಆಯಿಲ್‌ಗೆ ತಡೆಯುವಂಥದ್ದಾ? ತುಟಿಯ ಮೇಲಿನ ಸಣ್ಣ ಗೆರೆಗಳು ಯಾವ ದಿಕ್ಕಿಗೆ ಓರೆಯಾಗಿವೆ? ಆ ಗೆರೆಗಳು ಷಾಫ್ಟ್ ತಿರುಗುವಾಗ ಆಯಿಲನ್ನ ಒಳಕ್ಕೆ ತಳ್ಳುತ್ತವೆ. ಆದ್ದರಿಂದ ಅಂಥ ಸೀಲುಗಳಲ್ಲಿ ಎಡದ್ದು ಬೇರೆ, ಬಲದ್ದು ಬೇರೆ.

ಹಳೇ ಸೀಲಿನ ತುಟಿ ಒಣಗಿದ ಚಪಾತಿ ಥರ ಗಟ್ಟಿಯಾಗಿತ್ತು. ಆದರೆ ತಂದೆ ಸೀಲನ್ನ ನೋಡಲೇ ಇಲ್ಲ, ಷಾಫ್ಟ್ ನೋಡಿದರು. ಉಗುರನ್ನ ಅಡ್ಡಕ್ಕೆ ಎಳೆದರು. ಸೀಲಿನ ತುಟಿ ವರ್ಷಗಟ್ಟಲೆ ಉಜ್ಜಿ ಉಜ್ಜಿ ಉಕ್ಕಿನ ಮೇಲೇ ಒಂದು ಗೆರೆ ಕೊರೆದಿತ್ತು. ಮೆತ್ತನೆ ರಬ್ಬರು ಉಕ್ಕನ್ನ ಹೇಗೆ ಸವೆಸುತ್ತೆ ಅಂತ ಕೇಳಿದೆ. ‘ರಬ್ಬರಲ್ಲ ಕಣೋ, ರಬ್ಬರಿಗೆ ಅಂಟಿಕೊಂಡ ಧೂಳು’ ಅಂದರು.

ಆ ಷಾಫ್ಟನ್ನ ಷೆಡ್ಡಿಗೆ ಒಯ್ದು ಲೇತಿಗೆ ಕಟ್ಟಿದೆವು. ಹುಡುಗನೊಬ್ಬ ಎಮ್ರಿ ಹಾಳೆ ಹಿಡಿದು ಆ ಕಡೆ ಈ ಕಡೆ ಓಡಿಸೋಕೆ ಹೋದ. ತಂದೆ ಅವನ ಕೈ ಹಿಡಿದು ನಿಲ್ಲಿಸಿದರು. ತಿರುಗುವ ಷಾಫ್ಟ್ ಮೇಲೆ ಎಮ್ರಿಯನ್ನ ಪಕ್ಕಕ್ಕೆ ಸರಿಸಿದರೆ ಕಣ್ಣಿಗೆ ಕಾಣದ ಮರೆ ಬೀಳುತ್ತೆ, ಸ್ಕ್ರೂ ಇರುತ್ತಲ್ಲ ಹಾಗೆ. ಷಾಫ್ಟ್ ತಿರುಗಿದಾಗ ಆ ಮರೆಯೇ ಪಂಪಿನ ಕೆಲಸ ಮಾಡಿ ಹೊಸ ಸೀಲಿನ ಅಡಿಯಿಂದಲೂ ಆಯಿಲನ್ನ ಹೊರಗೆ ಎಳೆಯುತ್ತೆ. ಎಮ್ರಿಯನ್ನ ಪಕ್ಕಕ್ಕೆ ಅಲ್ಲಾಡಿಸದೆ ನೇರವಾಗಿ ಒತ್ತಿ ಹಿಡಿದು ಉಜ್ಜಬೇಕು, ಗೆರೆ ಬಿದ್ದರೂ ಬಳೆಯ ಹಾಗೆ ಸುತ್ತಲೂ ಬೀಳಬೇಕು. ಅಷ್ಟು ಹೇಳಿ, ತಾವೇ ಮಾಡಿ ತೋರಿಸಿದರು. ಒಂದೂವರೆ ತಿಂಗಳ ನಂತರ ಮೊದಲ ಸಲ ಅವರು ಲೇತಿನ ಮುಂದೆ ನಿಂತಿದ್ದು ಅವತ್ತೇ. ಕೋಲನ್ನ ಟೂಲ್ ಬಾಕ್ಸಿಗೆ ಒರಗಿಸಿ ಇಟ್ಟಿದ್ದರು.

ಗೆರೆ ಆಳ ಇರಲಿಲ್ಲ. ಹೊಸ ಸೀಲನ್ನ ಹಳೇ ಜಾಗಕ್ಕಿಂತ ಒಂದು ಮಿಲಿಮೀಟರ್ ಆಚೆ ಕೂರಿಸಿದರೆ ತುಟಿ ಸವೆಯದ ಜಾಗದ ಮೇಲೆ ಕೂರುತ್ತೆ ಅಂತ ಲೆಕ್ಕ ಹಾಕಿದರು. ಸೀಲನ್ನ ಸುತ್ತಿಗೆಯಲ್ಲಿ ಬಡಿದರೆ ಒಂದು ಕಡೆ ಓರೆಯಾಗುತ್ತೆ ಅಂತ, ಷೆಡ್ಡಿನಲ್ಲಿ ಬಿದ್ದಿದ್ದ ನೈಲಾನ್ ರಾಡಿನ ತುಂಡನ್ನ ಕಡೆದು ಸೀಲಿನ ಅಳತೆಗೇ ಒಂದು ಡ್ರಿಫ್ಟ್ ಮಾಡಿದರು. ಹತ್ತು ನಿಮಿಷದ ಕೆಲಸ. ತುಟಿಗೆ ಹೊಸ ಆಯಿಲ್ ಸವರಿ, ಆಕ್ಸಲ್ಲಿನ ಹಲ್ಲುಗಳು ತುಟಿಗೆ ತಗುಲದ ಹಾಗೆ ನೆಟ್ಟಗೆ ತೂರಿಸಿದೆವು. ಹೊಸ ಸೀಲುಗಳು ಮೊದಲ ದಿನವೇ ಹಾಳಾಗೋದು ಈ ತೂರಿಸುವಾಗಲೇ. ಬಲಗಡೆಯದೂ ಅದೇ ವಯಸ್ಸಿನದು ಅಂತ ಅದನ್ನೂ ಬದಲಾಯಿಸಿದೆವು.

ಹೋಸಿನ ಕೆಲಸ ಸುಲಭ. ಆದರೆ ಪೆಟ್ರೋಲ್ ಹೋಸನ್ನೋ ಗಾರ್ಡನ್ ಪೈಪನ್ನೋ ಹಾಕಿದರೆ ಬಿಸಿ ಆಯಿಲ್‌ಗೆ ಊದಿಕೊಂಡು ಬಿರಿಯುತ್ತೆ. ಟ್ರಾನ್ಸ್‌ಮಿಷನ್ ಆಯಿಲ್ ಕೂಲರ್‌ಗೇ ಅಂತ ಬರುವ ಹೋಸೇ ಬೇಕು. ಹಳೆಯದನ್ನ ಬಗ್ಗಿಸಿದಾಗ ಕ್ಲಿಪ್ಪಿನ ಬಳಿ ಬಿರುಕು ಬಾಯಿ ಬಿಟ್ಟಿತು.

ಉಳಿದಿದ್ದು ಪ್ಯಾನು. ಬಿಚ್ಚಿ ಗಾಜಿನ ಮೇಲೆ ಮಗುಚಿ ಇಟ್ಟರೆ ಪ್ರತಿ ಬೋಲ್ಟ್ ತೂತಿನ ಸುತ್ತಲೂ ತಗಡು ಗುಬುಟಾಗಿತ್ತು. ಯಾರೋ ಏರ್ ಗನ್ ಹಿಡಿದು ಬಿಗಿ ಮಾಡಿದ್ದರು. ಸೋರುತ್ತೆ ಅಂತ ಹೆಚ್ಚು ಬಿಗಿ ಮಾಡಿದಷ್ಟೂ ತೂತಿನ ಬಳಿ ತಗಡು ಕುಗ್ಗಿ, ಎರಡು ಬೋಲ್ಟ್‌ಗಳ ನಡುವೆ ಮೇಲೇಳುತ್ತೆ, ಇನ್ನೂ ಸೋರುತ್ತೆ. ಮರದ ತುಂಡಿನ ಮೇಲೆ ಇಟ್ಟು, ಸಣ್ಣ ಸುತ್ತಿಗೆಯಲ್ಲಿ ಒಂದೊಂದೇ ಗುಬುಟನ್ನ ತಟ್ಟಿ ಸಮ ಮಾಡಿದರು. ಒಳಗಿನ ಅಯಸ್ಕಾಂತಕ್ಕೆ ಅಂಟಿದ್ದು ಬರೀ ಬೂದುಬಣ್ಣದ ಪೇಸ್ಟು, ಹದಿನಾರು ವರ್ಷದ ಗಾಡಿಗೆ ಅದು ಸಹಜ. ಲೋಹದ ಚೂರುಗಳಿದ್ದಿದ್ದರೆ ಕಥೆಯೇ ಬೇರೆ ಇರೋದು. ಹೊಸ ಫಿಲ್ಟರ್, ಹೊಸ ಗ್ಯಾಸ್ಕೆಟ್ ಹಾಕಿ, ಬೋಲ್ಟ್‌ಗಳನ್ನ ಎದುರುಬದುರು ಸರದಿಯಲ್ಲಿ, ಟಾರ್ಕ್ ವ್ರೆಂಚ್‌ನಲ್ಲಿ, ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿ ಮಾಡಿದೆವು. ಈ ಸಣ್ಣ ಬೋಲ್ಟ್‌ಗಳಿಗೆ ಬೇಕಾದ ಬಿಗಿ ನಾವು ಅಂದುಕೊಳ್ಳೋದಕ್ಕಿಂತ ಎಷ್ಟೋ ಕಮ್ಮಿ.

ಸಮತಟ್ಟಾದ ಜಾಗ ಎಲ್ಲಿದೆ?

ಆಯಿಲ್ ಮಟ್ಟ ನೋಡುವ ಕ್ರಮ ಬಹುತೇಕ ಹಳೇ ಆಟೋಮ್ಯಾಟಿಕ್‌ಗಳಲ್ಲಿ ಹೀಗೆ: ಗಾಡಿ ಚೆನ್ನಾಗಿ ಬಿಸಿಯಾಗಿರಬೇಕು, ಇಂಜಿನ್ ಓಡ್ತಾ ಇರಬೇಕು, ಬ್ರೇಕ್ ತುಳಿದು ಲಿವರನ್ನ ಎಲ್ಲ ಸ್ಥಾನಕ್ಕೂ ಒಂದೊಂದು ಸಲ ತಂದು ಮತ್ತೆ ‘ಪಿ’ಗೆ ಇಡಬೇಕು, ಆಮೇಲೆ ಡಿಪ್‌ಸ್ಟಿಕ್. ನೆಲ ಸಮತಟ್ಟಾಗಿರಬೇಕು. ಲಗ್ಗೆರೆಯಲ್ಲಿ ಅದೊಂದೇ ಕಷ್ಟ. ನಮ್ಮ ಗಲ್ಲಿ ಒಂದು ಕಡೆ ಏರು, ಚರಂಡಿ ಕಡೆಗೆ ಇಳಿಜಾರು. ತಂದೆ ತಮ್ಮ ಹಳೇ ಮಷೀನ್ ಲೆವೆಲ್ ಹಿಡಿದುಕೊಂಡು ಕೋಲೂರಿಕೊಂಡು ರಸ್ತೆ ರಸ್ತೆ ಅಳೆದರು. ಕಡೆಗೆ ಗುಳ್ಳೆ ನಡುವೆ ನಿಂತಿದ್ದು ಒಂದು ಗೋಡೌನಿನ ಅಂಗಳದಲ್ಲಿ. ವಾಚ್‌ಮನ್ನಿಗೆ ಒಂದು ಟೀ ಕೊಡಿಸಿ ಅಲ್ಲೇ ಮಟ್ಟ ನೋಡಿದೆವು. ಜಾಸ್ತಿ ತುಂಬಬಾರದು, ಹೆಚ್ಚಾದರೆ ಗೇರುಗಳು ಆಯಿಲನ್ನ ಕಡೆದು ನೊರೆ ಎಬ್ಬಿಸಿ, ಬ್ರೀದರ್‌ನಿಂದ ಹೊರಗೆ ಚೆಲ್ಲುತ್ತವೆ. ಅದೂ ಸೋರಿಕೆಯ ಹಾಗೇ ಕಾಣುತ್ತೆ.

ಲೆಕ್ಕ ಕೇಳುವವರಿಗೆ: ಸೀಲು ಎರಡಕ್ಕೆ 440 ರೂಪಾಯಿ, ಹೋಸು ಮತ್ತು ಕ್ಲಿಪ್ಪು 510, ಫಿಲ್ಟರ್-ಗ್ಯಾಸ್ಕೆಟ್-ವಾಷರ್ 1,180, ಕಂಪನಿ ಹೇಳಿದ ದರ್ಜೆಯ ಆಯಿಲ್ 4 ಲೀಟರ್‌ಗೆ 2,400, ಡಿಗ್ರೀಸರ್ ಮತ್ತು ತೊಳೆಸಿದ್ದಕ್ಕೆ 250, ಮೆಕ್ಯಾನಿಕ್ ಕೂಲಿ 1,500. ಒಟ್ಟು 6,280. ಬಾಟಲಿಯಲ್ಲಿ ಬರುವ ‘ಲೀಕ್ ಸ್ಟಾಪ್’ ಹಾಕಲಿಲ್ಲ. ಅದು ಗಟ್ಟಿಯಾದ ರಬ್ಬರನ್ನ ಸ್ವಲ್ಪ ಊದಿಸುತ್ತೆ, ಕೆಲವು ದಿನ ಹನಿ ನಿಲ್ಲಬಹುದು. ಬಿರಿದ ಹೋಸಿಗೂ ಸವೆದ ಷಾಫ್ಟಿಗೂ ಅದರಿಂದ ಏನೂ ಆಗಲ್ಲ.

ತೆಗೆದ ಹಳೇ ಆಯಿಲ್ಲಿನದು ಬೇರೆಯೇ ಪ್ರಶ್ನೆ. ಇಲ್ಲಿ ಚರಂಡಿಗೆ ಸುರಿಯೋದು ಸುಲಭ. ಆದರೆ ಈ ಕಡೆಯ ಕಾಲುವೆಗಳ ನೀರು ಹೋಗಿ ಸೇರೋದು ವೃಷಭಾವತಿಗೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿದೆ ಅನ್ನೋದು ವರ್ಷಗಳಿಂದ ವರದಿಯಾಗುತ್ತಲೇ ಇದೆ. ನಮಗೆ ಅನ್ನ ಕೊಟ್ಟ ಕೈಗಾರಿಕೆಗಳೇ ನೀರನ್ನೂ ಕೆಡಿಸಿವೆ, ಅದನ್ನ ಮುಚ್ಚಿಟ್ಟು ಊರನ್ನ ಹೊಗಳೋಕಾಗಲ್ಲ. ಹಳೇ ಆಯಿಲನ್ನ ಕ್ಯಾನಿಗೆ ತುಂಬಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವ ಮರುಬಳಕೆಯವರಿಗೆ ಕಳಿಸುವ ಷೆಡ್ಡಿನ ಡ್ರಮ್ಮಿಗೇ ಹಾಕಿದೆವು.

ನಿಮ್ಮ ಮನೆಯಲ್ಲೂ ಹಳೇ ಆಟೋಮ್ಯಾಟಿಕ್ ಇದ್ದರೆ ತಿಂಗಳಿಗೊಂದು ರಾತ್ರಿ ಅಡಿಗೆ ಒಂದು ರಟ್ಟು ಹಾಕಿ. ಕೆಂಪು ಕಂಡರೆ ಮೊದಲು ಮಟ್ಟ ನೋಡಿ, ಕಮ್ಮಿ ಇದ್ದರೆ ತುಂಬಿಸಿ, ಆಮೇಲೆ ಜಾಗ ಹುಡುಕಿಸಿ. ಗಾಡಿ ದಾರಿಯಲ್ಲಿ ನಿಂತರೆ ಮುಂಚಕ್ರ ನೆಲದ ಮೇಲೆ ಉರುಳುವ ಹಾಗೆ ಹಗ್ಗ ಕಟ್ಟಿ ಎಳೆಸಬೇಡಿ; ಇಂಜಿನ್ ನಿಂತಾಗ ಪಂಪೂ ನಿಂತಿರುತ್ತೆ, ಒಳಗೆ ಆಯಿಲ್ ಹರಿಯಲ್ಲ. ‘ಬಿಚ್ಚಿ ಕಟ್ಟೋಣ’ ಅಂದವರನ್ನ ಒಂದೇ ಪ್ರಶ್ನೆ ಕೇಳಿ: ಎಲ್ಲಿಂದ ಸೋರ್ತಿದೆ, ತೋರಿಸಿ.

ಕಾರು ಮತ್ತೆ ಪೀಣ್ಯಕ್ಕೆ ಹೋಗಿ ಬರ್ತಾ ಇದೆ, ವಾರಕ್ಕೆ ಮೂರು ದಿನ ಇದ್ದದ್ದು ಈಗ ನಾಲ್ಕಾಗಿದೆ. ಷೆಡ್ಡಿನ ಆ ಹುಡುಗ ಈಗ ಎಮ್ರಿಯನ್ನ ಪಕ್ಕಕ್ಕೆ ಸರಿಸಲ್ಲವಂತೆ.